ಕಚ್ಚೆ ಹಾಕಿದ ಸೀರೆ

ಸರ್ರನೆ ಸದ್ದಾಯಿತು. ಇಲಿ ಕಾಗದ ಕಡಿದಷ್ಟೇ ಸಣ್ಣ ಸಪ್ಪಳ. ಆದರೆ ಆ ಸರಿರಾತ್ರಿಯ ಖಾಲಿ ಸಭಾಂಗಣದಲ್ಲಿ ಗೊಂಬೆಗೆ ಸೀರೆ ಉಡಿಸುತ್ತಿದ್ದ ರಂಜನಾ ಕೈ ತಡೆದು ನಿಂತಳು.

ಬೆಳಗಾದರೆ ಪ್ರದರ್ಶನದ ಉದ್ಘಾಟನೆ. ಕಲಬುರಗಿ ಇಷ್ಟು ವರ್ಷ ಏನುಟ್ಟಿತು, ಏನು ತೊಟ್ಟಿತು ಎಂದು ಸಾಲಾಗಿ ತೋರಿಸಿದರೆ ಊರು ತನ್ನ ಗುರುತು ತಾನೇ ಹಿಡಿದೀತೆಂಬ ಆಸೆ ಅವಳದು. ಕಾಲೇಜಿನಲ್ಲಿ ಇತಿಹಾಸ ಹೇಳುವ ಅವಳು ಬ್ರಾಹ್ಮಣರೇ ಹೆಚ್ಚಿರುವ ಬ್ರಹ್ಮಪುರದ ತನ್ನ ಮನೆಯ ಟ್ರಂಕಿನಿಂದ ಹಿಡಿದು ಹತ್ತಾರು ಮನೆ ಅಲೆದು ಶೇರವಾನಿ, ರುಮಾಲು, ಟೋಪಿಗಳನ್ನು ಕೂಡಿಸಿದ್ದಳು. ಕೊನೆಗೆ ಸಿಕ್ಕಿದ್ದು ಕಮಲಾಪುರದ ಗುಂಡಮ್ಮನ ತಾಯಿಯ ಹದಿನೆಂಟು ಮೊಳದ ರೇಷ್ಮೆ ಸೀರೆ. ಕೂಲಿ ಮಾಡುತ್ತಿದ್ದ ಆ ತಾಯಿ ಅದನ್ನು ಉಡುತ್ತಿದ್ದದ್ದು ವರ್ಷಕ್ಕೊಮ್ಮೆ, ಭೀಮ ಜಯಂತಿಯ ನೀಲಿ ಬಾವುಟದ ಮೆರವಣಿಗೆಗೆ.

"ಅವ್ವನ ವಾಸನಿ ಇನ್ನಾ ಅದ ಇದರಾಗ. ಜ್ವಾಕಿ, ಬಾಯಾರ" ಎಂದು ಗುಂಡಮ್ಮ ಒತ್ತಾಯದಿಂದ ಚಹಾ ಕುಡಿಸಿ, ಸೀರೆ ಕೊಟ್ಟು ಕಳಿಸಿದ್ದಳು.

ಅಷ್ಟುದ್ದದ ಸೀರೆ ಎಂದರೆ ಕಚ್ಚೆಯೇ ಎಂದು ರಂಜನಾ ಯಾರನ್ನೂ ಕೇಳದೆ ತಿಳಿದುಬಿಟ್ಟಿದ್ದಳು. ಅಜ್ಜಿ ಮುಕ್ತಾಬಾಯಿ ಮಡಿಯಲ್ಲಿ ಹಾಗೆ ಉಡುವುದನ್ನಷ್ಟೇ ಅವಳು ಕಂಡದ್ದು. ಗೊಂಬೆಯ ಕಾಲುಗಳ ನಡುವಿನಿಂದ ನೆರಿಗೆ ಎಳೆದು ಹಿಂದೆ ಸಿಕ್ಕಿಸುವಾಗ ಹಳೆಯ ರೇಷ್ಮೆ ಗೇಣುದ್ದ ಹರಿಯಿತು. ಬಿಚ್ಚಿದರೆ ಇನ್ನಷ್ಟು ಹರಿದೀತೆಂದು ಹೆದರಿ, ಹರಿದಲ್ಲಿಯೇ ಮಡಿಚಿ ಕಚ್ಚೆಯೊಳಗೆ ಅಡಗಿಸಿದಳು. ಎಲ್ಲ ಮುಗಿದ ಮೇಲೆ ಹೇಳಿದರಾಯಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಗುಂಡಮ್ಮ. ಗೊಂಬೆಯ ಮುಂದೆ ನಿಂತು, ಗಲ್ಲಕ್ಕೆ ಕೈಯಿಟ್ಟು ನಕ್ಕಳು.

"ಅಯ್ಯ ನನ್ನವ್ವಾ! ಬ್ರಹ್ಮಪುರದ ಬಾಯಿ ಆಗಿ ನಿಂತೀಯಲ್ಲ!"

"ಯಾಕ್ರಿ ಗುಂಡಮ್ಮಾರ, ಛಲೋ ಕಾಣವಲ್ತೇನ್ರಿ?"

"ಛಂದ ಅದರಿ. ಆದ್ರ ಇದು ನಮ್ಮವ್ವ ಅಲ್ಲ. ಆಕಿ ಒಂದಿನಾನೂ ಕಚ್ಚಿ ಹಾಕಲಿಲ್ರಿ. ಮುಂದ ತುಂಬ ನೆರಿಗಿ ಬಿಟ್ಟು, ತಲಿ ಮ್ಯಾಲ ಸೆರಗ ಹೊತ್ತು, ರಾಣಿ ಬಂದಂಗ ಬರ್ತಿದ್ಳು. ತಡೀರಿ, ನಾ ಉಡಸ್ತೀನಿ."

ಅವಳ ಕೈ ಕಚ್ಚೆಯ ಕಡೆಗೆ ಚಾಚಿತು.

"ಮುಟ್ಟಬ್ಯಾಡ್ರಿ!"

ಕಿರುಚಿದಂತೆಯೇ ಆಯಿತು. ರಂಜನಾ ನಡುವೆ ಅಡ್ಡ ಬಂದು ನಿಂತಿದ್ದಳು. ಗುಂಡಮ್ಮ ಕೆಂಡ ತಾಗಿದವಳಂತೆ ಕೈ ಹಿಂದಕ್ಕೆ ತೆಗೆದು, ತಾನಾಗಿಯೇ ದೂರ ಸರಿದಳು. ಹಾಗೆ ಸರಿಯುವುದನ್ನು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಯಾವ ಮನೆಯವಳಾದ ತಾನು ಯಾವ ಕೇರಿಯವಳಿಗೆ ಏನಂದೆ ಎಂಬುದು ಆಗ ರಂಜನಾಳಿಗೆ ಹೊಳೆಯಿತು. ಸೀರೆ ಹರಿದಿದೆ, ಅದಕ್ಕೇ ಹಾಗಂದೆ, ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಅಲ್ರಿ, ಮುಟ್ಟಬಾರದಂತ ಬೋರ್ಡ್ ಹಾಕೇವಲ್ಲ... ಎಲ್ಲಾರಿಗೂ ಅದೇ ನಿಯಮ."

"ಓದ್ಲಾಕ ಬರ್ತದ್ರಿ ನನಗ" ಎಂದಳು ಗುಂಡಮ್ಮ ಮೆಲ್ಲಗೆ. "ನಮ್ಮವ್ವನ ಸೀರಿ ಅಂತ ತಿಳದಿದ್ದೆ."

ಅತಿಥಿಗಳು ಬರುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ.

ಪ್ರದರ್ಶನ ಮುಗಿದ ಮರುದಿನವೇ ರಂಜನಾ ಕಮಲಾಪುರದ ಬಸ್ಸು ಹತ್ತಿದಳು. ಗುಂಡಮ್ಮನ ಪಡಸಾಲೆಯಲ್ಲಿ ಕೂತು, ಸೀರೆಯ ಗಂಟು ಬಿಚ್ಚಿ ತಾನೇ ತೋರಿಸಿದಳು.

"ರಾತ್ರಿ ನಾ ಉಡಸೋಮುಂದ ಹರೀತ್ರಿ. ಅದಕ್ಕ ಅವತ್ತು ಹಂಗ..."

ಗುಂಡಮ್ಮ ಹರಿದ ಅಂಚಿನ ಮೇಲೆ ಬೆರಳಾಡಿಸಿದಳು.

"ಇದನ್ನ ಮುಚ್ಚಲಾಕ ಹಂಗಂದ್ರೇನು?"

"ಹೌದ್ರಿ."

"ಅವತ್ತೇ ಹೇಳಿದ್ರ ಇಬ್ರೂ ಕೂಡಿ ಹೊಲೀತಿದ್ದೆವಲ್ರಿ." ಸೀರೆ ಮಡಚಿ ಎದ್ದಳು. "ಸೀರಿದೇನ್ರಿ, ಹೊಲಕೊಂತೀನಿ."

ರಂಜನಾ ಏಳಲಿಲ್ಲ. ನಗಲು ನೋಡಿದಳು. "ಇವತ್ತ ಚಹಾ ಇಲ್ಲೇನ್ರಿ?"

"ಹಾಲಿಲ್ರಿ" ಎಂದಳು ಗುಂಡಮ್ಮ. ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ಇಬ್ಬರೂ ನೋಡಿದರು.

ಬಸ್ಸಿನಲ್ಲಿ ಕಾಲೇಜಿನ ಜೊತೆಗಾರ ಅತುಲನ ಫೋನು ಬಂತು.

"ಸೀರಿ ಕೊಟ್ಟು ಬಂದ್ರೇನ್ರಿ? ಮುದುಕಿ ಏನಂದ್ಳು?"

"ಇಟ್ಕೊಂಡ್ಳು" ಎಂದಳು ರಂಜನಾ.

ಎಲ್ಲ ಹೇಳಿದರೆ ಅತುಲ, ನೀವು ಸೀರೆಯ ಸಲುವಾಗಿ ಅಂದದ್ದು, ಅದರಲ್ಲಿ ತಪ್ಪೇನು ಎನ್ನುತ್ತಾನೆ. ಮನೆಯವರೂ ಅದನ್ನೇ ಅನ್ನುತ್ತಾರೆ. ನಾಲ್ಕು ಸಲ ಕೇಳಿಸಿಕೊಂಡರೆ ತಾನೂ ನಂಬಿಬಿಡಬಹುದು. ಹಾಗಾಗಬಾರದು. ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದಳು.