ಬಾಗಿಲು ಕಡ್ಡಾಯವಾಗಿ ಮುಚ್ಚಿ

ಈ ಕೆಲಸದಲ್ಲಿ ನಾನು ಇವತ್ತಿಗೂ ತಲೆಯೆತ್ತಿ ಓಡಾಡುತ್ತಿದ್ದರೆ ಅದು ಅತ್ತೆಯ ದಯೆ. ಗಂಡನ ತಾಯಿಯ ಮಾತಲ್ಲ ಇದು. ಅವರ ವಿಷಯ ಬೇರೆಯೇ ಇದೆ, ಇಲ್ಲಿ ಬೇಡ.

ಈ ಅತ್ತೆ ಸೋಪು ಕಾರ್ಖಾನೆಯ ಮೂರನೇ ಪ್ಯಾಕಿಂಗ್ ಯಂತ್ರವನ್ನು ಹನ್ನೊಂದು ವರ್ಷದಿಂದ ನಡೆಸುತ್ತಿರುವವರು. ಅವರ ಬಾಯಿಗೆ ಹೆದರಿ ಇಡೀ ಕಾರ್ಖಾನೆ ಅವರನ್ನು ಅತ್ತೆ ಎನ್ನುತ್ತದೆ. ಆ ಯಂತ್ರಕ್ಕೆ ಮೋಟಾರನ್ನು ಹಿಡಿತದಲ್ಲಿಡುವ ಹೊಸ ಸರ್ವೋ ಕಂಟ್ರೋಲರ್ ಹಾಕಿಕೊಟ್ಟು, ಅದು ಕೆಟ್ಟಾಗಲೆಲ್ಲ ಲ್ಯಾಪ್‌ಟಾಪ್ ಹಿಡಿದು ಓಡಿಬರುವವಳು ನಾನು. ಹಾಗಾಗಿ ನಾನು ಸೊಸೆ.

ಹೊಸದು ಹಾಕಿ ನಾಲ್ಕು ತಿಂಗಳಾಗಿತ್ತು. ಅವತ್ತಿನಿಂದ ಯಂತ್ರ ದಿನಕ್ಕೆ ನಾಲ್ಕೈದು ಸಲ ತಾನಾಗಿ ನಿಲ್ಲುತ್ತಿತ್ತು, ಅದೂ ಅತ್ತೆಯ ಶಿಫ್ಟಿನಲ್ಲಿ ಮಾತ್ರ. ಸೋಪು ಸುತ್ತುವ ಫಿಲ್ಮಿನ ಅಂಚಿನಲ್ಲಿ ಪ್ರತಿ ಪೊಟ್ಟಣಕ್ಕೆ ಒಂದು ಕಪ್ಪು ಗುರುತಿರುತ್ತದೆ. ಅದನ್ನು ಒಂದು ಸೆನ್ಸರ್ ನೋಡಿ ಕಂಟ್ರೋಲರಿಗೆ ತಿಳಿಸುತ್ತದೆ, ಕಂಟ್ರೋಲರ್ ಬ್ಲೇಡಿಗೆ ಎಲ್ಲಿ ಕತ್ತರಿಸಬೇಕೆಂದು ಹೇಳುತ್ತದೆ. ಸಾಲಾಗಿ ಮೂರು ಗುರುತು ತಪ್ಪಿದರೆ ಯಂತ್ರ ನಿಂತುಬಿಡುತ್ತದೆ. ಫಿಲ್ಮನ್ನು ಸೊಟ್ಟಗೆ ಏರಿಸಿದರೂ ಹೀಗೇ ಆಗುತ್ತದೆ. ನಾನು ಹಿಂದಿನ ತಿಂಗಳು ಎರಡು ದಿನ ಕೂತು ನೋಡಿದ್ದೆ, ಒಮ್ಮೆಯೂ ನಿಂತಿರಲಿಲ್ಲ. “ಯಂತ್ರದಲ್ಲಿ ದೋಷವಿಲ್ಲ, ಫಿಲ್ಮ್ ಏರಿಸುವುದರಲ್ಲಿ ಆಪರೇಟರ್ ತಪ್ಪು” ಎಂದು ಬರೆದು ಸಹಿ ಹಾಕಿ ಹೋಗಿದ್ದೆ.

ಆ ಶುಕ್ರವಾರ ಮ್ಯಾನೇಜರ್ ಮತ್ತೆ ಕರೆಸಿದರು. “ಸೋಮವಾರದಿಂದ ಅತ್ತೇನ ರಟ್ಟಿನ ಪೆಟ್ಟಿಗೆ ಮಡಚೋ ಕಡೆ ಹಾಕ್ತೀನಿ ಮೇಡಂ. ಹೊಸದು ಅವರಿಗೆ ಒಗ್ತಾ ಇಲ್ಲ. ಇನ್ನೊಂದ್ಸಲ ನೋಡಿ ಒಂದು ಸಹಿ ಹಾಕ್ಬಿಡಿ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಫಿಲ್ಮ್ ನೆಟ್ಟಗೆ ಏರಿಸಲು ಬಾರದವರಿಗಾಗಿ ಅರವತ್ತು ಕಿಲೋಮೀಟರ್ ಬಂದೆನಲ್ಲ ಎಂದು ಗೊಣಗುತ್ತಲೇ ಯಂತ್ರದ ಪಕ್ಕದ ವಿದ್ಯುತ್ ಪೆಟ್ಟಿಗೆಯ ಬಾಗಿಲು ತೆಗೆದೆ. ಒಳಗಿನ ಕಂಟ್ರೋಲರಿಗೆ ಕೇಬಲ್ ಚುಚ್ಚಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗ್ರಾಫ್ ತೆರೆದೆ. ಮೋಟಾರಿಗೆ ಕೊಟ್ಟ ಆಜ್ಞೆಯದು ಒಂದು ಗೆರೆ, ಅದು ನಿಜವಾಗಿ ತಿರುಗಿದ್ದರದು ಇನ್ನೊಂದು. ಎರಡೂ ಒಂದರ ಮೇಲೊಂದು ಕೂತಿದ್ದವು, ಮೋಟಾರು ಸರಿಯಿತ್ತು. ಕೆಳಗೆ ಸೆನ್ಸರಿನ ಗುರುತುಗಳು ಬೇಲಿಯ ಗೂಟಗಳಂತೆ ಸಮ ಅಂತರದಲ್ಲಿ ಸಾಗುತ್ತಿದ್ದವು. ಹನ್ನೊಂದು ಗಂಟೆಯಾದರೂ ಒಂದೂ ಗೂಟ ತಪ್ಪಲಿಲ್ಲ.

“ಇವತ್ತೂ ನಿಲ್ಲಲ್ಲ ಬಿಡಿ,” ಎಂದರು ಅತ್ತೆ, ಫಿಲ್ಮಿನಿಂದ ಕಣ್ಣು ತೆಗೆಯದೆ.

“ಅದು ಹೇಗೆ ಹೇಳ್ತೀರಿ? ಕಣಿ ಹೇಳೋದು ಕಲ್ತಿದ್ದೀರಾ?”

“ಬಾಗಿಲು ತೆಗ್ದಿದ್ದೀರಲ್ಲ. ಬಾಗಿಲು ತೆಗ್ದಿದ್ರೆ ಇದು ನಿಲ್ಲೋದೇ ಇಲ್ಲ. ನೀವು ಬಂದಾಗೆಲ್ಲ ಅದು ತೆಗ್ದೇ ಇರುತ್ತೆ.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?”

“ಹೋದ ತಿಂಗಳೇ ಹೇಳಿದ್ನಲ್ಲ. ‘ಬಾಗಿಲಿಗೂ ಬ್ಲೇಡಿಗೂ ಏನ್ರೀ ಸಂಬಂಧ, ನಿಮ್ಮ ಕೆಲ್ಸ ನೋಡ್ಕೊಳ್ಳಿ’ ಅಂದ್ರಿ.”

ಅಂದಿದ್ದೆ. ಚೆನ್ನಾಗಿ ನೆನಪಿತ್ತು. ದನಿ ತಗ್ಗಿಸಿ ಕೇಳಿದೆ, “ಮತ್ತೆ ಬೇರೆ ಶಿಫ್ಟಲ್ಲಿ ಯಾಕೆ ನಿಲ್ಲಲ್ಲ?”

“ಅವರ್ಯಾರು ಬಾಗಿಲು ಹಾಕ್ತಾರೆ? ಒಳಗೆ ಬಿಸಿಯಾಗುತ್ತೆ ಅಂತ ಫ್ಯಾನ್ ತಿರುಗಿಸಿಟ್ಟು ಹಾಗೇ ಬಿಟ್ಟಿರ್ತಾರೆ. ನಾನು ಬಂದ ತಕ್ಷಣ ಮುಚ್ಚಿ ಬೀಗ ತಿರುಗಿಸ್ತೀನಿ. ಅಲ್ಲಿ ಬರ್ದಿದ್ಯಲ್ಲ!”

ಬಾಗಿಲ ಮೇಲೆ ಕೆಂಪು ಅಕ್ಷರದ ಚೀಟಿ: “ಬಾಗಿಲು ಕಡ್ಡಾಯವಾಗಿ ಮುಚ್ಚಿ. ಸೋಪಿನ ಪುಡಿ ಒಳಗೆ ಹೋಗಬಾರದು.” ಕೈಬರಹ ನನ್ನದು, ಕೆಳಗಿನ ಸಹಿಯೂ ನನ್ನದೇ.

ಲ್ಯಾಪ್‌ಟಾಪಿನ ಕೇಬಲನ್ನು ಪೆಟ್ಟಿಗೆಯ ತಳದ ತೂತಿನ ಮೂಲಕ ಹಾಯಿಸಿ, ಬಾಗಿಲು ಮುಚ್ಚಿ, ಬೀಗ ತಿರುಗಿಸಿದೆ. ಯಂತ್ರ ಪೂರ್ಣ ವೇಗದಲ್ಲಿ ಓಡುತ್ತಲೇ ಇತ್ತು. ಇಪ್ಪತ್ತು ನಿಮಿಷದ ಮೇಲೆ ಬೇಲಿಯಲ್ಲಿ ಒಂದು ಗೂಟ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಎರಡು. ಆಮೇಲೆ ಸಾಲಾಗಿ ಮೂರು ಹೋಗಿ ಯಂತ್ರ ಗಕ್ಕನೆ ನಿಂತಿತು. ಮೋಟಾರಿನ ಗೆರೆಗಳು ಆಗಲೂ ಅಚ್ಚುಕಟ್ಟಾಗಿದ್ದವು. ಫಿಲ್ಮೂ ನೂಲು ಹಿಡಿದಷ್ಟು ನೆಟ್ಟಗಿತ್ತು.

ಬಾಗಿಲು ತೆಗೆದು ಅದರ ಒಳಮೈ ನೋಡಿದೆ. ಅಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಯಂತ್ರದ ದಪ್ಪ ಕೈಪಿಡಿ. ಯಾರಿಗಾದರೂ ಬೇಕಾದೀತೆಂದು ನಾನೇ ಅಂಟಿಸಿದ್ದು. ಬಾಗಿಲು ಮುಚ್ಚಿದರೆ ಪುಸ್ತಕದ ಮೂಲೆ ಸೀದಾ ಸೆನ್ಸರ್ ವೈರಿನ ಪ್ಲಗ್ಗಿಗೆ ಒತ್ತುತ್ತಿತ್ತು. ಯಂತ್ರ ನಡುಗಿದಾಗೊಮ್ಮೆ ಸಂಪರ್ಕ ತಪ್ಪುತ್ತಿತ್ತು. ಪುಸ್ತಕದ ರಟ್ಟಿನ ಮೇಲೆ ಪ್ಲಗ್ಗಿನ ಆಕಾರದ ತಗ್ಗೇ ಬಿದ್ದಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಕಾರ್ಖಾನೆಯಲ್ಲಿ ನನ್ನ ಚೀಟಿಯ ಮಾತು ನಡೆಸಿದವರು ಒಬ್ಬರೇ, ಆ ಒಬ್ಬರನ್ನೇ ನಾನು ತಪ್ಪಿತಸ್ಥೆ ಎಂದು ಬರೆದಿದ್ದೆ.

ಅತ್ತೆ ಆ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಈಗ ಬೈಗುಳದ ಮಳೆ ಎಂದು ನಿಂತೆ.

“ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರೆ,” ಎಂದು ನಕ್ಕರು. “ಇಲ್ಲಿ ಒಡೆದಿದ್ದು ಸೊಸೆ, ಬೈಸಿಕೊಂಡಿದ್ದು ಅತ್ತೆ!” ಮತ್ತೆ ಹತ್ತಿರ ಬಂದು ಮೆಲ್ಲಗೆ, “ವೈರು ಸಡಿಲ ಆಗಿತ್ತು ಅಂತ ಬರೀರಿ, ಸಾಕು. ನನ್ನ ಯಂತ್ರ ನನಗೆ ಉಳಿದ್ರೆ ಆಯ್ತು. ನೀವಿನ್ನೂ ಚಿಕ್ಕೋರು, ನಿಮ್ಮ ಕೆಲ್ಸಕ್ಕೆ ಯಾಕೆ ಕಪ್ಪುಚುಕ್ಕೆ?” ಎಂದರು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅವರನ್ನು ಯಂತ್ರದಿಂದ ಎಬ್ಬಿಸಲು ಪೆನ್ನು ಹಿಡಿದು ಬಂದವಳು ನಾನು. ಅವರು ನನ್ನ ಕೆಲಸದ ಚಿಂತೆ ಮಾಡುತ್ತಿದ್ದರು. ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ ಅಂದುಕೊಂಡೆ, ಅವರಿಗೆ ಕಂಡಿತು.

ವರದಿಯ ‘ಕಾರಣ’ ಎಂಬಲ್ಲಿ ಬರೆದೆ: “ಕಂಟ್ರೋಲರ್ ಅಳವಡಿಸಿದ ಇಂಜಿನಿಯರ್ ಬಾಗಿಲಿಗೆ ಅಂಟಿಸಿದ ಪುಸ್ತಕ. ಹಿಂದಿನ ವರದಿಯೂ ತಪ್ಪು.” ‘ದೋಷ ಪತ್ತೆ ಮಾಡಿದವರು’ ಎಂಬಲ್ಲಿ: “ಯಂತ್ರದ ಆಪರೇಟರ್.”

ಮ್ಯಾನೇಜರ್ ಎರಡು ಸಲ ಓದಿದರು. “ನಿಮ್ಮ ಮೇಲೆ ನೀವೇ ಬರ್ಕೊಂಡಿದ್ದೀರಲ್ಲ ಮೇಡಂ?”

“ಹೌದು ಸರ್. ಸೋಮವಾರದ ಆರ್ಡರ್ ಹರಿದು ಹಾಕಿ.”

ನನ್ನೆದುರೇ ಹರಿದರು.

ಚೀಲವನ್ನು ಕಿತ್ತು ಹೊರಗಿನ ಗೋಡೆಗೆ ಹಾಕಿದೆ, ಪ್ಲಗ್ ಬದಲಿಸಿದೆ. ಅತ್ತೆ ಬಾಗಿಲು ಮುಚ್ಚಿ ಬೀಗ ತಿರುಗಿಸಿದರು. ಶಿಫ್ಟ್ ಮುಗಿಯುವವರೆಗೂ ನಾನು ಗ್ರಾಫ್ ಮುಂದೆ ಕೂತೆ. ಒಂದು ಗೂಟವೂ ತಪ್ಪಲಿಲ್ಲ.

ಹೊರಡುವಾಗ ಅತ್ತೆ ಕೇಳಿದರು, “ಈ ಚೀಟಿ ಇರಲೋ, ತೆಗೀಲೋ?”

“ಇರಲಿ,” ಎಂದು ಕೆಂಪು ಪೆನ್ನು ತೆಗೆದು ಅದರ ಕೆಳಗೆ ಇನ್ನೊಂದು ಸಾಲು ಬರೆದೆ: “ಯಂತ್ರ ನಿಂತರೆ ಮೊದಲು ಅತ್ತೆಯನ್ನು ಕೇಳಿ.” ಅದಕ್ಕೂ ಸಹಿ ಹಾಕಿದೆ.

ಅತ್ತೆ ಅದನ್ನು ಓದಿದರು. ಚೀಟಿಯ ಮೇಲೆ ಕೂತಿದ್ದ ಸೋಪಿನ ಪುಡಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು.