ಕಾರ್ಡ್ ಹೊಡೆದ ಮೇಲೆ

ಕಾಫಿ ಲೋಟವನ್ನು ಹುಡುಗಿಯ ಕೈಗಿಡುವ ನೆಪದಲ್ಲಿ ಸೂಪರ್‌ವೈಸರ್ ಬಗ್ಗಿದ. ದನಿ ತಗ್ಗಿಸಿ ಕೇಳಿದ: "ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀಯ?"

"ಕಾರ್ಡ್ ಹೊಡೆದು ಹೊರಟಿದ್ರು. ಗೇಟಿನಾಚೆ ಬಿದ್ರು."

"ಜಾಣೆ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ."

ಅವನು ಮುಖವನ್ನು ಸಪ್ಪೆ ಮಾಡಿಕೊಂಡು ಬೇರೆಯವರಿಗೆ ಕೈಮುಗಿಯುತ್ತ ಹೋದ.  ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಕಾಫಿ ತುಳುಕಿ ಬೆರಳು ಸುಟ್ಟಿತು.

ಸತ್ತವನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬದುಕಿದ್ದಾಗ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದವನೇ ಅಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ದೊಡ್ಡ ಲಾಂಡ್ರಿಗೆ ಯಾರೇ ಹೊಸದಾಗಿ ಸೇರಲಿ, ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತು ಸಂಬಳ, ತೆರಿಗೆ, ರಜೆ, ಪಿಂಚಣಿ ಎಂದು ತಲೆ ತಿನ್ನುತ್ತಿದ್ದ. ಅದಕ್ಕೇ ಎಲ್ಲರೂ ಅವನಿಗೆ ಕಾನೂನಪ್ಪ ಎಂದು ಹೆಸರಿಟ್ಟಿದ್ದರು.

"ನನಗೆ ಪಿಂಚಣಿ ಪಾಠ ಮೂರು ಸಲ ಮಾಡಿದ್ದ ಕಣಕ್ಕ," ಎಂದ ಬಾಯ್ಲರ್ ನೋಡಿಕೊಳ್ಳುವವನು, ಮೂಗು ಒರೆಸಿಕೊಳ್ಳುತ್ತ. "ಮೂರು ಸಲಾನೂ ಬೇರೆ ಬೇರೆ ಲೆಕ್ಕ."

"ನಾನಂತೂ ಅವನು ಬಂದ ಅಂದ್ರೆ ಡಬ್ಬಿ ಎತ್ಕೊಂಡು ಓಡ್ತಿದ್ದೆ," ಎಂದಳು ಬಟ್ಟೆ ಮಡಿಸುವ ಅಕ್ಕ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ನಿವೃತ್ತಿ ಹತ್ರ ಬಂದಿತ್ತು, ಪಾಪ. ಲಾಂಡ್ರಿ ಒಳಗೇ ಜೀವ ಹೋಗಿದ್ದಿದ್ರೆ ಹೆಂಡತಿಗಾದ್ರೂ ಪರಿಹಾರ ಅಂತ ಏನಾದ್ರೂ ಬರ್ತಿತ್ತು. ರಸ್ತೆಯಲ್ಲಿ ಬಿದ್ರೆ ಕಂಪನಿಯವರು ಯಾಕೆ ಕೊಡ್ತಾರೆ?"



*

ಅವನು ಪಕ್ಕದಲ್ಲಿ ಬಂದು ಕೂತಾಗ ಹುಡುಗಿ ಮಾತ್ರ ಓಡಿರಲಿಲ್ಲ. ಮೊದಲ ಸಂಬಳದ ದಿನ, ಹೇಳಿದ್ದೇ ಒಂದು ಕೊಟ್ಟಿದ್ದೇ ಒಂದು ಎಂದು ಕಣ್ಣು ತುಂಬಿಕೊಂಡು ಕೂತಿದ್ದಾಗ ಅವನು ತನ್ನ ಡಬ್ಬಿಯ ಬ್ರೆಡ್ಡನ್ನು ತುಂಡು ಮಾಡಿ ಮುಚ್ಚಳದ ಮೇಲಿಟ್ಟಿದ್ದ.

"ಇದು ಸರ್ಕಾರದ್ದು, ತೆರಿಗೆ. ಹೋಯ್ತು, ಬಿಡು. ಇದು ಮಾತ್ರ ಕಳ್ಳತನ ಅಲ್ಲ ಪುಟ್ಟಿ, ಇದು ಪಿಂಚಣಿಗೆ. ಮುಂದೆ ನೀನು ಮುದುಕಿ ಆಗ್ತೀಯಲ್ಲ, ಅವಳ ಪಾಲು. ನೀನು ಒಂದು ತುಂಡು ಇಟ್ರೆ ಮಾಲೀಕನೂ ಒಂದು ತುಂಡು ಇಡಬೇಕು. ಇಟ್ಟಿದ್ದಾನಾ ಅಂತ ಕೇಳ್ತಾ ಇರು."

"ಕೇಳಿದ್ರೆ ಬೈತಾರೆ."

"ಬೈಲಿ. ಬೈಗುಳಕ್ಕೆ ಸಂಬಳ ಹಿಡಿಯೋ ಹಾಗಿಲ್ಲ."

ಆಮೇಲೆ ತಮಾಷೆ ಬಿಟ್ಟು ಬೆರಳು ಎತ್ತಿದ. "ಇನ್ನೊಂದು ಮಾತು. ಇಲ್ಲಿ ಎಲ್ರೂ ಪಾಳಿ ಮುಗೀತು ಅಂತ ಕಾರ್ಡ್ ಹೊಡೀತಾರೆ, ಆಮೇಲೆ ಉಳಿದ ಬಟ್ಟೆ ಮುಗಿಸೋಕೆ ಪುಕ್ಕಟೆ ವಾಪಸ್ ಹೋಗ್ತಾರೆ. ನೀನು ಹೋಗ್ಬೇಡ. ಕಾರ್ಡ್ ಹೊಡೆದ ಮೇಲೆ ನೀನು ಅಲ್ಲಿ ಇರೋದೇ ಇಲ್ಲ. ಮೆಷಿನ್ನಿಗೆ ಕೈ ಸಿಕ್ಕಿದ್ರೂ ಅದು ಯಾರ ಕೈಯೂ ಅಲ್ಲ."

*

ಮೊನ್ನೆ ಸಂಜೆ ಅವಳ ಬಟ್ಟೆ ರಾಶಿ ಕರಗಿರಲಿಲ್ಲ. ಮುಗಿಸದಿದ್ದರೆ ನಾಳೆ ಬರಬೇಡ ಎಂದು ಹೇಳಿ ಸೂಪರ್‌ವೈಸರ್ ಆಫೀಸಿಗೆ ಹೋಗಿದ್ದ. ಎಲ್ಲರಂತೆ ಅವಳೂ ಕಾರ್ಡ್ ಹೊಡೆದು ವಾಪಸ್ ಬಂದಳು. ಆವತ್ತು ಉಳಿದವರ ಬಟ್ಟೆ ಮುಗಿದಿದ್ದರಿಂದ ಇಸ್ತ್ರಿ ಯಂತ್ರದ ಮುಂದೆ ಅವಳೊಬ್ಬಳೇ. ಅಳುತ್ತ ಹೊದಿಕೆ ಎಳೆಯುತ್ತಿದ್ದಾಗ ಆ ಕಡೆಯ ತುದಿಯನ್ನು ಯಾರೋ ಹಿಡಿದರು. ನೋಡಿದರೆ ಕಾನೂನಪ್ಪ.

"ನಿಮ್ಮ ಕಾರ್ಡ್?"

"ಹೊಡೆದಾಯ್ತು. ಮಾತಾಡ್ಬೇಡ, ಬೇಗ ಮುಗ್ಸು."

ಜನ್ಮದಲ್ಲಿ ಯಾರಿಗಾಗಿಯೂ ಹಾಗೆ ವಾಪಸ್ ಬರದಿದ್ದವನು ಬಂದಿದ್ದ. ರಾಶಿ ಅರ್ಧ ಇಳಿದಿರಬೇಕು, ಅವನು ಎದೆ ಒತ್ತಿಕೊಂಡು ಬಿಸಿ ನೆಲದ ಮೇಲೆ ಕುಸಿದ. ಅವಳ ಕೂಗಿಗೆ ಸೂಪರ್‌ವೈಸರ್ ಬಂದ, ವಾಚ್‌ಮನ್ ಬಂದ. ಇಬ್ಬರೂ ಸೇರಿ ಅವನನ್ನು ಗೇಟಿನಾಚೆ ಹೊತ್ತುಕೊಂಡು ಹೋಗಿ ಮಲಗಿಸಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರು.

*

ಸ್ಮಶಾನಕ್ಕೆ ಹೊರಟ ವ್ಯಾನಿನಲ್ಲಿ ಶವಪೆಟ್ಟಿಗೆ ಇಟ್ಟಾಗಿತ್ತು. ಅವನ ಹೆಂಡತಿ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಸೂಪರ್‌ವೈಸರ್ ತನ್ನ ಕಾರಿನ ಬಾಗಿಲು ತೆರೆದು ಹುಡುಗಿಯನ್ನು ಕರೆದ.

"ಬಾ, ನನ್ನ ಜೊತೆ ಹೋಗೋಣ."

"ಆ ಹೊಸ ಹುಡುಗಿ ನೀನೇ ಏನಮ್ಮ?" ವ್ಯಾನಿನೊಳಗಿಂದ ಹೆಂಡತಿ ಕೇಳಿದಳು. "ನನ್ನ ಮಾತು ಕೇಳೋಕೆ ಕೊನೆಗೂ ಒಂದು ಕಿವಿ ಸಿಕ್ತು ಕಣೆ ಅಂತಿದ್ರು. ಒಂದು ಮಾತು ಹೇಳು ಮಗು. ಅವರ ಕಾಲಲ್ಲಿ ಲಾಂಡ್ರಿ ಒಳಗೆ ಹಾಕೋ ರಬ್ಬರ್ ಚಪ್ಪಲಿ ಇತ್ತು. ಶೂ ಹಾಕ್ಕೊಳ್ದೆ ಅವರು ರಸ್ತೆಗೆ ಇಳಿಯೋರೇ ಅಲ್ಲ."

"ಅವಸರದಲ್ಲಿ ಹೊರಟಿರ್ತಾರೆ ಬಿಡಿ ಅಮ್ಮ," ಎಂದ ಸೂಪರ್‌ವೈಸರ್.

 ಹುಡುಗಿಗೆ ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಈ ಹೆಂಗಸಿನ ಮುಖದ್ದು. ಒಳಗೇ ಬಿದ್ದರು ಎಂದರೆ ಯಾಕೆ ಒಳಗಿದ್ದರು ಎಂದು ಹೇಳಬೇಕು. ನನ್ನಿಂದ ಎಂದು ಹೇಳಬೇಕು.

"ಒಳಗೇ ಬಿದ್ರು," ಎಂದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಒಳಗೇ ಬಿದ್ರು, ಅಮ್ಮ. ಇಸ್ತ್ರಿ ಮೆಷಿನ್ ಹತ್ರ. ನನ್ನ ಬಟ್ಟೆ ಮುಗೀಲಿಲ್ಲ ಅಂತ ವಾಪಸ್ ಬಂದ್ರು. ಇವರೇ ಆಚೆ ಹೊತ್ಕೊಂಡ್ ಹೋದ್ರು."

ಮಡಿಸುವ ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸೂಪರ್‌ವೈಸರ್ ಕಾರು ಬಿಟ್ಟು ಎರಡು ಹೆಜ್ಜೆ ಈ ಕಡೆ ಬಂದ. ಹೆಂಡತಿ ಹುಡುಗಿಯನ್ನೇ ನೋಡುತ್ತಿದ್ದಳು.  ಹುಡುಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಹೆಂಡತಿ ಬೆಂಚಿನ ಮೇಲೆ ಸ್ವಲ್ಪ ಸರಿದಳು.

"ಹತ್ತು," ಎಂದಳು.

ಹುಡುಗಿ ಹತ್ತಿದಳು. ಸೂಪರ್‌ವೈಸರ್ ಹತ್ತಿರ ಬರುವಷ್ಟರಲ್ಲಿ ಹೆಂಡತಿ ಬಾಗಿಲನ್ನು ತಾನೇ ಎಳೆದುಕೊಂಡಳು. ವ್ಯಾನು ಹೊರಟಿತು. ಹುಡುಗಿಯ ಮಂಡಿಗಳು ಪೆಟ್ಟಿಗೆಗೆ ಬಡಿಯುವಷ್ಟು ನಡುಗುತ್ತಿದ್ದವು. ಹೆಂಡತಿ ಅತ್ತ ನೋಡದೆಯೇ ಕೈ ಚಾಚಿ ಒಂದು ಮಂಡಿಯನ್ನು ಒತ್ತಿ ಹಿಡಿದಳು. ನಡುಕ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಮಂಡಿಯ ಜೊತೆ ಆ ಕೈಯೂ ನಡುಗುತ್ತಲೇ ಇತ್ತು.