ಮಗಳ ಪಾಲಿನ ಮನೆ

ಕಾರ್ಕಳದಿಂದ ಸೋದರಮಾವನ ಕಾಗದ ಬಂದ ಮೇಲೆ ತೇರದಾಳದ ಆ ಅರಳೆ ವ್ಯಾಪಾರಿಗಳ ಮನೆಯಲ್ಲಿ ಅಕ್ಕಮ್ಮನ ಮಾತು ಕೇಳುವವರು ಹುಟ್ಟಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಗಂಡ ಜಿನ್ನಪ್ಪನ ತಂದೆ ಗೊಮ್ಮಟನ ದರ್ಶನಕ್ಕೆ ಕಾರ್ಕಳಕ್ಕೆ ಹೋದಾಗ ಇಳಿದುಕೊಂಡದ್ದು ಅವಳ ತವರಿನಲ್ಲಿ. ಮೂವರು ಹುಡುಗಿಯರಲ್ಲಿ ಕಿರಿಯವಳನ್ನು ಮಗನಿಗೆ ಕೇಳಿದರು. ಒಬ್ಬಳು ದೂರ ಹೋದರೆ ಮನೆಗೇನೂ ಕೊರತೆಯಾಗದು ಎಂದು ಹಿರಿಯರು ಒಪ್ಪಿದರು. ತೇರದಾಳಕ್ಕೆ ಬಂದ ಮೊದಲ ವಾರ ಅವಳ ಬಾಯಿಂದ ಒಂದು ತುಳು ಮಾತು ಜಾರಿದಾಗ ಅತ್ತೆ ಮಹಾದೇವಿ ನಕ್ಕು, "ಇದೇನ ಬೇ, ಗುಬ್ಬಿ ಮಾತಾಡಿಧಂಗ" ಎಂದಿದ್ದಳು. ಆ ನಗೆಯಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಅಕ್ಕಮ್ಮ ಮತ್ತೆ ತುಳು ಆಡಲಿಲ್ಲ. ಎರಡು ಮಕ್ಕಳ ತೊಟ್ಟಿಲು ತೂಗುವಾಗಲೂ ಆಡಲಿಲ್ಲ.

ಕಾಗದವನ್ನು ಜಿನ್ನಪ್ಪ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದ. ಅಕ್ಕಮ್ಮನ ದೊಡ್ಡಕ್ಕ ಮಕ್ಕಳಾಗುವ ಮೊದಲೇ ಜ್ವರದಲ್ಲಿ ಹೋಗಿ ವರ್ಷಗಳಾಗಿದ್ದವು. ಈಗ ಮಕ್ಕಳಿಲ್ಲದ ನಡುವಿನಕ್ಕನೂ ತೀರಿಕೊಂಡಿದ್ದಳು. ತನಗೆ ಕಣ್ಣು ಮಂಜಾಗಿದೆ, ಈ ಮನೆಗೆ ಇನ್ನು ನಿನ್ನ ಸಂತಾನವೇ ದಿಕ್ಕು, ದೀಪಾವಳಿಯೊಳಗೆ ಕರೆದುಕೊಂಡು ಬಾ ಎಂದು ಮುದುಕ ಬರೆದಿದ್ದ.

ಓದಿ ಮುಗಿಸಿ ಜಿನ್ನಪ್ಪ ಮಗ ಅನಂತಪ್ಪನ ಕಡೆ ನೋಡಿದ. ಎಲ್ಲರೂ ನೋಡಿದರು. ಸಂತಾನವೆಂದರೆ ಮಗ, ಅದರಲ್ಲಿ ಕೇಳುವುದೇನಿದೆ? ಮೈದುನ ಪಾಯಪ್ಪ, "ಏ ಅನಂತ್ಯಾ, ಇನ್ಮ್ಯಾಲ ನೀ ಗುಡ್ಡದ ಸಾವಕಾರ. ನಾವು ಬಂದ್ರ ಅಂಗಳದಾಗ ನಿಂದರಸ್ತಿ" ಎಂದು ಚೇಷ್ಟೆ ಮಾಡಿದ. ಹುಡುಗನಿಗೆ ಕೋಟು ಹೊಲಿಸಲು ಜಮಖಂಡಿಯಿಂದ ಬಟ್ಟೆ ತರಿಸಿದರು.

ಅಕ್ಕಮ್ಮ ಅಂದೇ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಅತ್ತೆ ಪಕ್ಕಕ್ಕೆ ಬಂದು ಕೂತು, ನಿಮ್ಮ ಊರು ಹೆಂಗೈತಿ ಎಂದು ಕೇಳಿಬಿಟ್ಟಳು.

ಅವಳು ಹೇಳತೊಡಗಿದಳು. ಊರ ಬೆನ್ನಿಗೆ ಮಣ್ಣೇ ಇಲ್ಲದ ಒಂದೇ ಬಂಡೆಯ ಗುಡ್ಡ, ಅದರ ತಲೆಯ ಮೇಲೆ ಬತ್ತಲೆ ನಿಂತ ಸ್ವಾಮಿ. ಬಿಸಿಲೇರಿದರೆ ಕಾಲು ಸುಟ್ಟು ಹುಡುಗಿಯರು ಮೆಟ್ಟಿಲ ಮೇಲೆ ಕುಣಿಯುತ್ತ ಇಳಿಯುವುದು. ಅದರೆದುರಿಗೆ ನಾಲ್ಕು ಬಾಗಿಲ ಬಸದಿ. ಯಾವ ಬಾಗಿಲಿಗೆ ನಿಂತರೂ ದೇವರು ನಿಮ್ಮ ಕಡೆಗೇ ಮುಖ ಮಾಡಿರುತ್ತಾನೆ. ಆಕಾಶ ತಿಳಿಯಾದ ದಿನ ಗುಡ್ಡದಿಂದ ಪಡುವಣಕ್ಕೆ ಸಮುದ್ರ ಗೆರೆಯಂತೆ ಕಾಣುತ್ತದೆ ಎನ್ನುತ್ತಿದ್ದರು. ತಾನು ಕಂಡದ್ದು ಸಮುದ್ರವೋ ಮೋಡವೋ ಅವಳಿಗೆ ಇಂದಿಗೂ ಖಾತ್ರಿಯಿಲ್ಲ. ಅತ್ತೆ ಮರುದಿನವೂ ಕೇಳಿದಳು. ಪಾಯಪ್ಪ ಕೇಳಿದ. ಹತ್ತು ದಿನ ಹೀಗೆ ಹೋದವು. ಮಗಳು ಹೀರಾ ಮೂಲೆಯಲ್ಲಿ ಕೂತು ಅಷ್ಟನ್ನೂ ಕೇಳಿಸಿಕೊಂಡಳು.

ಹನ್ನೊಂದನೆಯ ದಿನ ಜಿನ್ನಪ್ಪ ಮಗನೊಡನೆ ಹೊರಡುವ ದಿನ ಗೊತ್ತುಮಾಡಿ, ಉತ್ತರ ಬರೆಯಲು ಕೂತ. ಅಕ್ಕಮ್ಮ ಇನ್ನು ತಡೆಯುವಂತಿರಲಿಲ್ಲ.

"ಬರೇ ಅನಂತನ್ನ ಕರದಿಲ್ಲರಿ ಅವರು. ಅವರಿಗೆ ಬೇಕಾದಾಕಿ ಹೀರಾ."

ತಮ್ಮ ಕಡೆ ಮನೆ ಹೆಣ್ಣಿನಿಂದ ಮುಂದುವರಿಯುತ್ತದೆ ಎಂದು ತಿಳಿಸಿ ಹೇಳಿದಳು. ಅನಂತ ಬದುಕಿರುವವರೆಗೆ ಯಜಮಾನಿಕೆ ಮಾಡಬಹುದು, ಅವನ ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ಹೀರಾಳ ಮಕ್ಕಳೇ ಆ ಮನೆಯ ಮಕ್ಕಳು. ಹಿಂದೆ ಊರನ್ನಾಳಿದ ಭೈರರಸರ ಪಟ್ಟವೂ ಅಕ್ಕತಂಗಿಯರ ಮಕ್ಕಳಿಗೇ ಹೋಗುತ್ತಿತ್ತಂತೆ.

ಜಿನ್ನಪ್ಪ ಲೇಖನಿ ಕೆಳಗಿಟ್ಟ. "ಹಂಗಾರ ಆ ಮನ್ಯಾಗ ನಾ ಯಾರು?"

"ಬೀಗರ್ರಿ."

ಪಾಯಪ್ಪ ನಗಲು ಹೋಗಿ ನಿಲ್ಲಿಸಿದ. ಇದನ್ನ ಹತ್ತು ದಿನ ಬಾಯಲ್ಲಿಟ್ಟುಕೊಂಡು ಯಾಕೆ ಕೂತಿದ್ದಿ ಎಂದು ಅತ್ತೆ ಕೇಳಿದಳು. ನೀವು ನನ್ನ ಊರಿನ ಬಗ್ಗೆ ಕೇಳುತ್ತಿದ್ದಿರಲ್ಲ ಎನ್ನಲು ಅಕ್ಕಮ್ಮನಿಗೆ ಆಗಲಿಲ್ಲ. ಅಂದಿನಿಂದ ಯಾರೂ ಕೇಳಲಿಲ್ಲ.

ಜಿನ್ನಪ್ಪ ಕೆಟ್ಟವನಲ್ಲ. ಮರುದಿನ ಬಸದಿಯಿಂದ ಬಂದವನು ಅವಳೊಬ್ಬಳಿಗೇ ಹೇಳಿದ: ಹೀರಾಳಿಗೆ ಮುಧೋಳದಲ್ಲಿ ನೋಡಿದ ಸಂಬಂಧ ಇನ್ನೂ ಗಟ್ಟಿಯಾಗಿಲ್ಲ, ಹುಡುಗಿ ಕಾರ್ಕಳಕ್ಕೆ ಹೋಗುತ್ತೇನೆಂದರೆ ತಾನು ತಡೆಯುವುದಿಲ್ಲ, ನೀನೇ ಕೇಳು.

ಹೀರಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಕ್ಕಮ್ಮ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಆ ಮನೆಯಲ್ಲಿ ನಿನ್ನ ಮಾತೇ ಮಾತು, ಮೇಲೆ ಹುಕುಂ ಮಾಡುವವರು ಯಾರೂ ಇಲ್ಲ. ನೀನಿಲ್ಲದಿದ್ದರೆ ಮನೆ ದಾಯಾದಿ ಕವಲಿಗೆ ಹೋಗುತ್ತದೆ.

"ನೀ ಇರ್ತಿ ಏನವ್ವಾ ಅಲ್ಲಿ?"

"ಒಂದೀಟ ದಿನ ಇರ್ತೀನಿ."

"ಆಮ್ಯಾಲ ನನ್ನ ಕೂಡ ಯಾರ ಮಾತಾಡ್ತಾರ?"

ಎಲ್ಲರೂ ಆಡುತ್ತಾರೆ ಎನ್ನಲು ಹೊರಟವಳು ಮೊರದ ಜೋಳದಲ್ಲಿ ಬೆರಳಾಡಿಸಿದಳು. ಎಲ್ಲರೂ ಆಡುತ್ತಾರೆ, ನಿಜ. ತೇರದಾಳದಲ್ಲಿಯೂ ಎಲ್ಲರೂ ಆಡುತ್ತಿದ್ದರು. ಅವರು ನಕ್ಕಾಗ ಯಾಕೆ ನಕ್ಕರೆಂದು ತಿಳಿಯಲು ಅವಳಿಗೆ ವರ್ಷಗಳು ಬೇಕಾಗಿದ್ದವು. ಆ ವರ್ಷಗಳನ್ನು ತೆಗೆದು ಹದಿನಾಲ್ಕರ ಹುಡುಗಿಯ ಕೈಗೆ ಕೊಡುವುದೆಂದರೆ...

ಹೀರಾ ತಲೆ ಬಗ್ಗಿಸಿಕೊಂಡೇ, "ನೀ ಹೋಗಂದ್ರ ಹೋಗ್ತೀನಿ" ಎಂದಳು.

ಇದು ಎಲ್ಲಕ್ಕಿಂತ ಕಷ್ಟವಾಯಿತು. ಒಂದು ಮಾತು ಹೇಳಿದ್ದರೆ ಮನೆ ಉಳಿಯುತ್ತಿತ್ತು. ಅಕ್ಕಮ್ಮ ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ಬ್ಯಾಡ" ಎಂದಳು.

ಉತ್ತರವನ್ನು ತಾನೇ ಬರೆದಳು. ಹೀರಾ ಬರುವುದಿಲ್ಲ, ಅವಳಿಗೆ ನಮ್ಮ ಮಾತು ಬಾರದು, ಕಲಿಸದವಳು ನಾನು. ಮನೆಯನ್ನು ಕವಲಿನ ಹುಡುಗಿಯರಿಗೆ ಬಿಡಿ. ಕೆಳಗೆ ತವರಿನ ಮನೆತನದ ಹೆಸರು ಸೇರಿಸಿ ರುಜು ಹಾಕಿ, ಟಪಾಲು ಡಬ್ಬಿಗೆ ತಾನೇ ಹಾಕಿ ಬಂದಳು.

ದಾರಿಯಲ್ಲಿ ಓಣಿಯ ಯಲ್ಲಕ್ಕ ಆಡು ಹೊಡೆದುಕೊಂಡು ಬರುತ್ತಿದ್ದಳು. ಯಾರಿಗೆ ಟಪಾಲು ಎಂದು ಕೇಳಿದಳು.

"ನಮ್ಮೂರಿಗೆ."

"ಅಯ್ಯ, ತೇರದಾಳ ಅಲ್ಲೇನ ಬೇ ನಿಮ್ಮೂರು? ಅದ್ಯಾವ ಊರು?"

ಅಕ್ಕಮ್ಮ ನಿಂತಳು. ಎಲ್ಲಿಂದ ಶುರುಮಾಡಲಿ ಎಂದು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಆಡೊಂದು ಯಾರದೋ ಹಿತ್ತಲಿಗೆ ನುಗ್ಗಿತು. ಯಲ್ಲಕ್ಕ ಅದನ್ನು ಬೈಯುತ್ತ ಅತ್ತ ಓಡಿದಳು.